ಕಿಟಕಿಗೆ ಕಾಲಂ ಇಲ್ಲ

ನಮ್ಮೂರ ಶಾಲೆಯ ಆರನೇ ಕ್ಲಾಸಿನ ಕೋಣೆಗೆ ನಾಲ್ಕು ಕಿಟಕಿ. ಎರಡು ಸಮುದ್ರದ ಕಡೆಗೆ, ಎರಡು ಗುಡ್ಡದ ಕಡೆಗೆ. ಕಟ್ಟಿಸಿದವರು ಯಾರೋ ಬುದ್ಧಿವಂತರು. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆಯಿಂದ ಹೋಗಬೇಕು ಅಂತ ಅವರಿಗೆ ಗೊತ್ತಿತ್ತು. ಮೇಲೆ ಮಂಗಳೂರು ಹಂಚು. ಹಂಚಿನ ಸಂದಿಯಲ್ಲೂ ಗಾಳಿ ಓಡಾಡುತ್ತದೆ, ಮಳೆಗಾಲದಲ್ಲಿ ನೀರೂ ಓಡಾಡುತ್ತದೆ. ಕಾರವಾರದಿಂದ ಅಂಕೋಲಾ ಕಡೆ ಬರುವಾಗ ಹೆದ್ದಾರಿ ಬಿಟ್ಟು ಒಳಗಿಳಿದರೆ ಇಂಥ ಶಾಲೆ ಬೇಕಾದಷ್ಟು ಸಿಗುತ್ತವೆ. ನಮ್ಮದು ಯಾವುದು ಅಂತ ಹುಡುಕುವುದು ಬೇಡ.

ಈ ನಾಲ್ಕರಲ್ಲಿ ಗುಡ್ಡದ ಕಡೆಯ ಎರಡು ಕಿಟಕಿ 2021ರ ಸೆಪ್ಟೆಂಬರ್‌ನಿಂದ ಮುಚ್ಚಿವೆ. ಮುಚ್ಚಿದ್ದು ಕೊರೊನಾದಿಂದ ಮಕ್ಕಳನ್ನು ಕಾಪಾಡಲಿಕ್ಕೆ.

ನಾನಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಎಸ್‌ಡಿಎಂಸಿಯ ಸದಸ್ಯ. ಅಂದರೆ ಶಾಲೆಯಲ್ಲಿ ಏನೇ ನಡೆದರೂ ನಡೆದ ಮೇಲೆ ಸಹಿ ಹಾಕುವವರಲ್ಲಿ ಒಬ್ಬ. ಹಾಗಾಗಿ ಇದರಲ್ಲಿ ನನ್ನ ಪಾಲೂ ಇದೆ.

ಶಾಲೆ ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ. ಮುಚ್ಚಿತು ಅಂತ ಸುಮ್ನೆ ಹೇಳುವುದು, ಪೂರ್ತಿ ಮುಚ್ಚಿರಲಿಲ್ಲ. ಆ ವರ್ಷ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯ್ತಿ ಚುನಾವಣೆ ನಡೆಯಿತಲ್ಲ, ನಮ್ಮೂರ ಮತಗಟ್ಟೆ ಎಲ್ಲಿತ್ತು? ಇದೇ ಆರನೇ ಕ್ಲಾಸಿನಲ್ಲಿ. ಊರಿಗೆ ಊರೇ ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಂತಿತ್ತು. ಮತದ ಗುಟ್ಟು ಹೊರಗೆ ಹೋಗಬಾರದು ಅಂತ ಕಿಟಕಿಗಳನ್ನೂ ಹಾಕಿದ್ದರು. ಮತ ಹಾಕಿ ಹೊರಬಂದ ನನ್ನನ್ನು ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಗೇಟಿನ ಹೊರಗೆ ನಿಂತು ಕೇಳಿದ, "ಮಾಮಾ, ನಮಗೆ ಯಾವಾಗ ಒಳಗೆ ಬಿಡ್ತಾರೆ?" ಹದಿನೆಂಟು ತುಂಬಿದ ಮೇಲೆ ಅಂದೆ. ಅವ ನಕ್ಕ. ನಾನು ಅಷ್ಟೊಂದು ತಮಾಷೆಗೆ ಹೇಳಿರಲಿಲ್ಲ.

ನೆರೆ ಬಂದರೆ ಕಾಳಜಿ ಕೇಂದ್ರ ತೆರೆಯುವುದು ಶಾಲೆಯಲ್ಲಿ. ಲಸಿಕೆ ಕೊಡುವುದೂ ಶಾಲೆಯಲ್ಲಿ. ವೈರಸ್ಸಿಗೆ ಒಂದು ಶಿಸ್ತು ಇತ್ತು ಅಂತ ಕಾಣುತ್ತದೆ. ಪಾಟಿಚೀಲ ನೋಡಿದರೆ ಮಾತ್ರ ಮೈಮೇಲೆ ಬರುತ್ತಿತ್ತು.

ನಡುವೆ ವಿದ್ಯಾಗಮ ಅಂತ ಬಂದಿತ್ತು, 2020ರ ಆಗಸ್ಟ್‌ನಲ್ಲಿ. ಮಾಸ್ತರು, ಅಕ್ಕೋರು ಊರಿಗೇ ಬಂದು ದೇವಸ್ಥಾನದ ಅಂಗಳದಲ್ಲಿ, ಮರದ ಬುಡದಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ನಮ್ಮಲ್ಲಿ ಒಂದು ಗುಂಪು ಹಲಸಿನ ಮರದ ಕೆಳಗೆ ಕೂರುತ್ತಿತ್ತು. ಮಳೆ ಬಂದರೆ ಎದ್ದು ಭಜನಾ ಮಂಟಪದ ಜಗಲಿಗೆ ಓಡುವುದು, ನಿಂತರೆ ವಾಪಸ್ ಬರುವುದು. ಸೋಂಕಿನ ಸುದ್ದಿ ಅಲ್ಲಲ್ಲಿ ಬಂತು, ಗಲಾಟೆಯಾಯಿತು, ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಬಯಲು ಅಪಾಯ ಅಂತ ತೀರ್ಮಾನವಾಯಿತು. ಆಮೇಲೆ ವರ್ಷ ಬಿಟ್ಟು ಮಕ್ಕಳನ್ನು ಕೋಣೆಯೊಳಗೆ ಹಾಕಿ ಬಾಗಿಲೆಳೆದೆವು.

ಬಯಲು ಬಿಟ್ಟು ಕೋಣೆಗೆ ಬರುವುದು ಅಂದರೆ ಏನು ಅಂತ ನಮಗೆ ತಿಳಿಸಿ ಹೇಳಿದ್ದು ಯಾವ ತಜ್ಞರೂ ಅಲ್ಲ, ಬಿಸಿಯೂಟದ ಅಡುಗೆಯ ಅಕ್ಕ. ಆಗಿನ್ನೂ ಬಿಸಿಯೂಟ ಶುರುವಾಗಿರಲಿಲ್ಲ, ಆಕೆಯನ್ನು ಕ್ಲೀನಿಂಗಿಗೆ ಹಚ್ಚಿದ್ದರು. ಹೈಪೋಕ್ಲೋರೈಟ್ ನೀರಿನಲ್ಲಿ ಮೂರನೇ ಸಲ ಬೆಂಚು ಒರೆಸುತ್ತಿದ್ದವಳು ಕೇಳಿದಳು, "ಇದು ಉಸಿರಲ್ಲಿ ಹೋಗೂದಾ, ಬೆಂಚಲ್ಲಿ ಹೋಗೂದಾ?" ಉಸಿರಲ್ಲೇ ಜಾಸ್ತಿ ಅಂದೆ. ಮಾತಾಡಿದಾಗ, ಹಾಡಿದಾಗ, ಕೆಮ್ಮಿದಾಗ ಹೊರಬೀಳುವ ತೀರಾ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವಂತೆ ಅಂತಲೂ ಸೇರಿಸಿದೆ. "ಹಂಗಾರೆ ಒಲೆ ಹೊಗೆ ಇದ್ದಾಂಗೆ. ಹೊಗೆ ತುಂಬಿದ್ರೆ ಕಿಟಕಿ ತೆಗೀತೇವೆ ಮಾರಾಯ್ರೆ, ನೆಲ ಒರೆಸ್ತೇವಾ?"

ಈ ಪ್ರಶ್ನೆಯನ್ನು ನಾನು ಸಭೆಯಲ್ಲಿ ಎತ್ತಿದೆ. ಹೆಡ್‌ಮಾಸ್ತರು ಒಳ್ಳೆಯವರು. ಫೈಲು ತೆಗೆದರು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಅದರಲ್ಲಿತ್ತು. ಹೈಸ್ಕೂಲಿನ ಮಕ್ಕಳಿಗೆ ಅಂತ ಬರೆದದ್ದು, ಆದರೂ ಇರಲಿ ಅಂತ ಇಟ್ಟುಕೊಂಡಿದ್ದರು. ಓದಿದರು. ಏಸಿಯನ್ನು 24ರಿಂದ 30 ಡಿಗ್ರಿಯಲ್ಲಿ ಇಡಬೇಕು. ಗಾಳಿಯ ತೇವಾಂಶ 40ರಿಂದ 70 ಶೇಕಡ ಇರಬೇಕು. ಹೊರಗಿನ ಗಾಳಿ ಆದಷ್ಟು ಒಳಗೆ ಬರಬೇಕು, ಎದುರುಬದುರು ಓಡಾಡಬೇಕು.

ನಾವೆಲ್ಲ ತಲೆಯೆತ್ತಿ ಫ್ಯಾನು ನೋಡಿದೆವು. ಅದಕ್ಕೆ ಒಂದೇ ಸ್ಪೀಡು, ಅದೂ ಕರೆಂಟು ಇದ್ದರೆ. ತೇವಾಂಶದ ಮಾತಂತೂ ಕೇಳಲೇ ಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಹಿಡಿದರೆ ಉಪ್ಪು ಡಬ್ಬಿಯೊಳಗೇ ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ತೇವಾಂಶ 70ಕ್ಕಿಂತ ಕೆಳಗೆ ಬೇಕಾದರೆ ಶಾಲೆಯನ್ನು ಹಂಚಿನ ಸಮೇತ ಎತ್ತಿಕೊಂಡು ಹೋಗಿ ವಿಜಯಪುರದಲ್ಲಿ ಇಡಬೇಕು.

"ಆ ಕೊನೆಯ ಸಾಲು ನಮ್ಮ ಕೈಲಾಗುತ್ತಲ್ಲ ಮಾಸ್ತರೆ, ಗಾಳಿ?" ಅಂದೆ.

ಹೆಡ್‌ಮಾಸ್ತರು ಇನ್ನೊಂದು ಹಾಳೆ ತೆಗೆದರು. ಅದು ದಿನಾ ತುಂಬಿ ಕಳಿಸುವ ನಮೂನೆ. ಸ್ಯಾನಿಟೈಸರ್ ಇದೆಯೇ, ಎಷ್ಟು ಲೀಟರ್. ಥರ್ಮಲ್ ಗನ್ ಇದೆಯೇ. ಸಿಂಪಡಣೆ ಆಯಿತೇ, ಫೋಟೋ ಲಗತ್ತಿಸಿ. ವೃತ್ತ ಹಾಕಿದೆಯೇ, ಫೋಟೋ ಲಗತ್ತಿಸಿ. ಒಪ್ಪಿಗೆ ಪತ್ರ ಎಷ್ಟು ಬಂದಿವೆ. ಬೆರಳಿಟ್ಟು ಕೆಳಗಿನವರೆಗೆ ಬಂದರು. "ನೋಡಿ, ಕಿಟಕಿಗೆ ಕಾಲಂ ಇಲ್ಲ."

ಅಲ್ಲಿಗೆ ಚರ್ಚೆ ಮುಗಿಯಿತು. ಚಹಾ ಬಂತು.

2021ರ ಸೆಪ್ಟೆಂಬರ್ 6ಕ್ಕೆ ಆರು, ಏಳನೇ ಕ್ಲಾಸಿನವರಿಗೆ ಶಾಲೆ ತೆರೆಯಿತು. ಅದಕ್ಕೂ ವಾರ ಮೊದಲೇ ಪೆಟ್ಟಿಗೆಗಳು ಬರಲು ಶುರುವಾಗಿದ್ದವು. ಪಂಚಾಯ್ತಿ ಕೊಟ್ಟಿತು. ಯುವಕ ಸಂಘ ಕೊಟ್ಟಿತು. ಗೆದ್ದ ಸದಸ್ಯರು ಕೊಟ್ಟರು, ಅವರು ಕೊಟ್ಟರು ಅಂತ ಸೋತವರೂ ಕೊಟ್ಟರು. ಎಲ್ಲವೂ ಸ್ಯಾನಿಟೈಸರ್. ಬಾಟಲಿಯ ಮೇಲೆ ಕೊಟ್ಟವರ ಫೋಟೋ ಎಷ್ಟು ದೊಡ್ಡದಿತ್ತೆಂದರೆ ಒಳಗೆ ಏನಿದೆ ಅಂತ ಓದಲು ಜಾಗ ಇರಲಿಲ್ಲ. ಇದನ್ನೆಲ್ಲ ಇಡುವುದು ಎಲ್ಲಿ? ಆಫೀಸು ಸೋರುತ್ತದೆ. ಉಗ್ರಾಣದಲ್ಲಿ ಅಕ್ಕಿ. ಆರನೇ ಕ್ಲಾಸಿನಲ್ಲಿ ಸಮುದ್ರದ ಕಡೆ ಎರಚಲು ಹೊಡೆಯುತ್ತದೆ ಅಂತ ತೆಂಗಿನ ಗರಿಯ ಮಡ್ಲ ತಟ್ಟಿ ಕಟ್ಟಿ ಆ ಕಿಟಕಿ ಮೊದಲೇ ಮುಚ್ಚಿತ್ತು. ಒಣಗಿದ ಜಾಗ ಅಂದರೆ ಗುಡ್ಡದ ಕಡೆಯದು. ಮಳೆ ಎಷ್ಟೇ ಬರಲಿ, ಆ ಕಡೆ ಒಂದು ಹನಿ ಒಳಗೆ ಬೀಳುವುದಿಲ್ಲ. ಇಡೀ ಮಳೆಗಾಲ ಆರಾಮಾಗಿ ತೆರೆದಿಡಬಹುದಾದ ಕಿಟಕಿಗಳು ಶಾಲೆಯಲ್ಲಿ ಎರಡೇ ಎರಡು. ಪೆಟ್ಟಿಗೆಗಳನ್ನು ಅವಕ್ಕೇ ಒತ್ತಿ, ನೆಲದಿಂದ ಸರಳಿನ ಮೇಲಿನವರೆಗೆ ಜೋಡಿಸಿದೆವು.

ಶಾಲೆ ತೆರೆದ ದಿನ ಗೇಟಿನಲ್ಲಿ ಅಕ್ಕೋರು ಗನ್ ಹಿಡಿದು ನಿಂತಿದ್ದರು. ಅವರು ಬರುವುದು ಕಾರವಾರದಿಂದ, ಸರ್ಕಾರಿ ಬಸ್ಸಿನಲ್ಲಿ. ಮಳೆ ಅಂತ ಬಸ್ಸಿನ ಕಿಟಕಿಯ ಗಾಜೆಲ್ಲ ಎಳೆದಿತ್ತು, ಒಳಗೆ ನಿಂತವರ ಲೆಕ್ಕ ಕಂಡಕ್ಟರಿಗೂ ಸಿಕ್ಕಿರಲಿಲ್ಲ. ಅರ್ಧ ಗಂಟೆ ಅದರಲ್ಲಿ ಜೋತಾಡಿ ಬಂದ ಅಕ್ಕೋರು, ಗದ್ದೆ ಬದುವಿನ ಮೇಲೆ ಒಂಟಿಯಾಗಿ ನಡೆದು ಬಂದ ಹುಡುಗನ ಹಣೆಗೆ ಗುರಿ ಇಟ್ಟರು.

31.2.

ಮಳೆಯಲ್ಲಿ ನೆನೆದ ಹಣೆ. ಗನ್ನಿಗೆ ಹಣೆಯ ಚರ್ಮ ಎಷ್ಟು ಬಿಸಿ ಇದೆ ಅಂತ ಅಷ್ಟೇ ಗೊತ್ತಾಗುವುದು. ನಿಜವಾಗಿ ಮೈ ಒಳಗೆ 31 ಡಿಗ್ರಿ ಇದ್ದರೆ ಆ ಹುಡುಗ ಗೇಟಿನಲ್ಲಿ ಹಲ್ಲು ಕಿಸಿಯುತ್ತಾ ನಿಲ್ಲುತ್ತಿರಲಿಲ್ಲ, ಆಂಬುಲೆನ್ಸಿನಲ್ಲಿ ಇರಬೇಕಿತ್ತು. ಅದೂ ನಮ್ಮ ಜಿಲ್ಲೆಯ ಆಂಬುಲೆನ್ಸು ಅಂದರೆ ಮಣಿಪಾಲದ ದಾರಿಯಲ್ಲೋ, ಗೋವಾದ ದಾರಿಯಲ್ಲೋ. ಅಕ್ಕೋರು "ನಾರ್ಮಲ್" ಅಂದರು. ಮುಂದಿನವಳು 30.8. ನಾರ್ಮಲ್. ಅಕ್ಟೋಬರ್ ಬಿಸಿಲಿಗೆ ಇದೇ ಗನ್ನು 38 ತೋರಿಸತೊಡಗಿದಾಗ ಅಂಥವರನ್ನು ಹತ್ತು ನಿಮಿಷ ಹಲಸಿನ ನೆರಳಲ್ಲಿ ಕೂರಿಸಿ ಮತ್ತೆ ನೋಡುತ್ತಿದ್ದರು. ನೆರಳಿಗೆ ಕೂತರೆ ಜ್ವರ ಬಿಡುವ ರೋಗ ನಮ್ಮೂರಲ್ಲಿ ಅದೊಂದೇ ಬಂದಿದ್ದು. ರಿಜಿಸ್ಟರಿನಲ್ಲಿ ಈ ಏರಿಳಿತ ಯಾವುದೂ ಇಲ್ಲ. ಎಲ್ಲರದ್ದೂ, ಎಲ್ಲಾ ದಿನವೂ 36.5. ಒಂದು ಶನಿವಾರ ನೋಡಿದೆ, ಮುಂದಿನ ವಾರದ್ದೂ ತುಂಬಿತ್ತು. ಅಕ್ಕೋರನ್ನು ದೂರುವುದಿಲ್ಲ. ಪಾಠ ಮಾಡಬೇಕು, ಗನ್ನು ಹಿಡಿಯಬೇಕು, ಫೋಟೋ ತೆಗೆದು ಹತ್ತು ಗಂಟೆಯೊಳಗೆ ಕಳಿಸಬೇಕು. ಮನುಷ್ಯರಿಗೆ ಎಷ್ಟು ಕೈ?

ಕೋಣೆಯೊಳಗೆ ಇನ್ನೊಂದು ಗಣಿತ. ಕೋಣೆ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ. ಆರಾರು ಅಡಿ ಬಿಟ್ಟು ಕೂರಿಸಿದರೆ ಸಾಲಿಗೆ ನಾಲ್ಕು, ನಾಲ್ಕು ಸಾಲು, ಹದಿನಾರು ಮಕ್ಕಳು. ನಮ್ಮಲ್ಲಿ ಹದಿನೇಳು. ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರಿನ ಹುಡುಗಿಯನ್ನು ಹೊರಗೆ ಜಗಲಿಯಲ್ಲಿ, ಬಾಗಿಲ ಪಕ್ಕ ಕೂರಿಸಿದರು. ಅವಳ ಅಜ್ಜಿ ಬಂದು ಜಗಳ ಮಾಡಿದಳು. "ನಮ್ಮ ಹುಡುಗಿ ಎಂತ ಪಾಪ ಮಾಡಿದ್ದು? ಎಲ್ಲರೂ ಒಳಗೆ, ಇವಳೊಬ್ಬಳು ಹೊರಗೆ?" ಆಮೇಲೆ ಸರದಿ ಪ್ರಕಾರ ದಿನಕ್ಕೊಬ್ಬರು ಹೊರಗೆ ಅಂತಾಯಿತು. ಗಾಳಿಯಾಡದ ಕೋಣೆಯಲ್ಲಿ ಹದಿನಾರು ಮಕ್ಕಳು ಸುರಕ್ಷಿತ ಅಂತರದಲ್ಲಿ ಕೂತು ಒಬ್ಬರ ಉಸಿರನ್ನು ಒಬ್ಬರು ಹಂಚಿಕೊಂಡರು. ಹದಿನೇಳನೆಯವರು ಜಗಲಿಯಲ್ಲಿ ಸಮುದ್ರದ ಗಾಳಿ ಕುಡಿಯುವ ಶಿಕ್ಷೆ ಅನುಭವಿಸಿದರು.

ಮಕ್ಕಳು ಮಾತ್ರ ಬೇಗ ಕಲಿತರು. ಅಂಗಳದಲ್ಲಿ ಸುಣ್ಣದ ವೃತ್ತ ಹಾಕಿದ್ದೆವು, ಮೊದಲ ಮಳೆಗೇ ತೊಳೆದು ಹೋಯಿತು. ಫೋಟೋ ಮೊದಲೇ ಹೋಗಿತ್ತು, ಅದೊಂದು ಪುಣ್ಯ. ಆಯಿಲ್ ಪೇಂಟಿನಲ್ಲಿ ಮತ್ತೆ ಹಾಕಿಸಿದೆವು. ಅದರಲ್ಲಿ ಕುಂಟಾಬಿಲ್ಲೆ ಬಹಳ ಚೆನ್ನಾಗಿ ಆಡಬಹುದು ಅಂತ ಏಳನೇ ಕ್ಲಾಸಿನ ಹುಡುಗಿಯರು ಅರ್ಧ ದಿನದಲ್ಲಿ ಕಂಡುಹಿಡಿದರು. ಹುಡುಗರು ಮಾಸ್ಕಿನಲ್ಲಿ ಗದ್ದೆ ಕಾಲುವೆಯ ಮರಿಮೀನು ಹಿಡಿದು ಸ್ಯಾನಿಟೈಸರಿನ ಖಾಲಿ ಬಾಟಲಿಗೆ ಬಿಟ್ಟರು. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು ಇತ್ತಲ್ಲ, ಅದನ್ನು ದೊಡ್ಡವರ ಎತ್ತರಕ್ಕೆ ಮಾಡಿಸಿದ್ದು. ಕೊಳವೆ ಬರುವುದು ಸರಿಯಾಗಿ ಸಣ್ಣ ಮಕ್ಕಳ ಕಣ್ಣಿನ ಮಟ್ಟಕ್ಕೆ. ಅಕ್ಟೋಬರ್ 25ಕ್ಕೆ ಒಂದರಿಂದ ಐದರವರೆಗಿನ ಮಕ್ಕಳು ಬಂದ ದಿನ ಮೂವರು ಕಣ್ಣು ಉಜ್ಜಿಕೊಂಡು ಅತ್ತರು. ಅದರಲ್ಲಿ ಒಬ್ಬಳು ಹಿಂದಿನ ವರ್ಷ ಒಂದನೇ ಕ್ಲಾಸಿಗೆ ಹೆಸರು ಬರೆಸಿದವಳು. ಶಾಲೆಯ ಒಳಗೆ ಕಾಲಿಟ್ಟದ್ದೇ ಅವತ್ತು, ಕಾಲಿಟ್ಟಾಗ ಎರಡನೇ ಕ್ಲಾಸು.

ಸಿಂಪಡಣೆಯವರು ಪ್ರತಿ ಶನಿವಾರ ಬಂದರು. ಅಡಕೆ ತೋಟಕ್ಕೆ ಮದ್ದು ಹೊಡೆಯುವ ಪಂಪೇ ಅದು. ಬೆಂಚು, ಗೋಡೆ, ಭೂಪಟ, ಗಾಂಧೀಜಿಯ ಫೋಟೋ, ಗಂಟೆ ಬಾರಿಸುವ ಕಬ್ಬಿಣದ ತುಂಡು, ಯಾವುದನ್ನೂ ಬಿಡಲಿಲ್ಲ. ಕೋಣೆಯೊಳಗೆ ಹೀಗೆ ಸುಮ್ಮನೆ ಎರಚುತ್ತಾ ಹೋಗುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಆದರೆ ಪಂಪು ಹೊತ್ತವನ ಫೋಟೋ ನೋಡಿದ್ದೀರಾ? ಯುದ್ಧಕ್ಕೆ ಹೊರಟ ಹಾಗೆ ಕಾಣುತ್ತಾನೆ. ತೆರೆದ ಕಿಟಕಿಯ ಫೋಟೋ ತೆಗೆದು ಕಳಿಸಿ ನೋಡಿ. ಇದರಲ್ಲಿ ಏನಿದೆ ಅಂತ ಕೇಳುತ್ತಾರೆ.

ನವೆಂಬರ್‌ನಲ್ಲಿ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಗೇಟಿನಲ್ಲಿ ಅವರ ಹಣೆಗೂ ಗನ್ ಹಿಡಿದೆವು, 30.6 ಬಂತು, ನಾರ್ಮಲ್. ರಿಜಿಸ್ಟರು ನೋಡಿ ಖುಷಿಯಾದರು. ಇಷ್ಟು ಚೊಕ್ಕ ರಿಜಿಸ್ಟರು ತಾಲೂಕಿನಲ್ಲೇ ಇಲ್ಲ ಅಂದರು. ಆರನೇ ಕ್ಲಾಸಿಗೆ ಬಂದು ಕುರ್ಚಿಯಲ್ಲಿ ಕೂತರು. ಎರಡು ನಿಮಿಷದಲ್ಲಿ ಕರ್ಚೀಫು ಹೊರಬಂತು. "ಎಂತ ಸೆಕೆ ಮಾರಾಯ್ರೆ! ಆ ಕಿಟಕಿ ಸ್ವಲ್ಪ ತೆಗೀರಿ."

ಎಲ್ಲರೂ ಪೆಟ್ಟಿಗೆಗಳನ್ನು ನೋಡಿದೆವು. ಸಾಹೇಬರೂ ನೋಡಿದರು. ಸ್ಟಾಕ್ ಚೆನ್ನಾಗಿ ಇಟ್ಟಿದ್ದೀರಿ ಅಂದರು. ಆಮೇಲೆ ಕುರ್ಚಿ ಎತ್ತಿಸಿಕೊಂಡು ಹೋಗಿ ಹಲಸಿನ ಮರದ ಕೆಳಗೆ ಹಾಕಿಸಿ, ಅಲ್ಲಿ ಕೂತು ಎಳನೀರು ಕುಡಿದು, ಮಕ್ಕಳ ಸುರಕ್ಷತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮಕ್ಕಳು ಒಳಗೇ ಇದ್ದರು, ಆರು ಅಡಿಗೊಬ್ಬರು.

ಇದೆಲ್ಲ ಹಳೇ ಕತೆ, ಈಗ್ಯಾಕೆ ಅಂತೀರೇನೋ. ಕಳೆದ ಮಳೆಗಾಲದಲ್ಲಿ ಒಂದು ಕಾಗದ ಬಂತು. ಉಳಿದ ಸ್ಯಾನಿಟೈಸರ್ ಎಷ್ಟು, ಅವಧಿ ಮುಗಿದದ್ದು ಎಷ್ಟು, ಲೆಕ್ಕ ಕೊಡಿ. ಎಣಿಸಬೇಕಾದರೆ ಇಳಿಸಬೇಕು. ಹೆಡ್‌ಮಾಸ್ತರು ಬದಲಾಗಿದ್ದಾರೆ, ನಾನೂ ಈಗ ಸದಸ್ಯನಲ್ಲ, ಆದರೂ ಕರೆದರು, ಹೋದೆ. ಅಡುಗೆಯ ಅಕ್ಕನೂ ಬಂದಳು. ಒಂದೊಂದೇ ಪೆಟ್ಟಿಗೆ ಇಳಿದ ಹಾಗೆ ಮೊದಲು ಸರಳು ಕಂಡಿತು, ಆಮೇಲೆ ಬಾಗಿಲು. ಅಗುಳಿಗೆ ತುಕ್ಕು ಹಿಡಿದಿತ್ತು. ಅಕ್ಕ ಕತ್ತಿಯ ಬೆನ್ನಲ್ಲಿ ನಾಲ್ಕು ಹೊಡೆದು ತೆಗೆದಳು. ಗುಡ್ಡದ ಕಡೆಯ ತಂಪು ಗಾಳಿ ಒಳಗೆ ಬಂದು ಗೋಡೆಯ ಭೂಪಟ ಪಟಪಟ ಅಂದಿತು. ಮಕ್ಕಳು ಓದುವುದು ಬಿಟ್ಟು ಈ ಕಡೆ ತಿರುಗಿದರು.

ಲೆಕ್ಕ ಬರೆದಾಯಿತು. ಎಲ್ಲವೂ ಅವಧಿ ಮುಗಿದದ್ದೇ. ವಿಲೇವಾರಿಗೆ ಬೇರೆ ಆದೇಶ ಬರಬೇಕಂತೆ, ಅಲ್ಲಿಯವರೆಗೆ ಒಣಗಿದ ಜಾಗದಲ್ಲಿ ಇಡಬೇಕಂತೆ. ಕಿಟಕಿ ಹಾಕಿ, ಪೆಟ್ಟಿಗೆಗಳನ್ನು ವಾಪಸ್ ಅಲ್ಲೇ ಜೋಡಿಸಿದೆವು. ನಾನೂ ನಾಲ್ಕು ಎತ್ತಿಕೊಟ್ಟೆ.