ಓದದ ಪುಸ್ತಕದ ಸಾರ

ನಿನ್ನೆ ಸಂಜಿಕ ನಮ್ಮ ವಿಜಯಪುರದಾಗ ಒಂದು ಭಾವೈಕ್ಯದ ಕಾರ್ಯಕ್ರಮಕ್ಕ ಹೋಗಿ ತಲಿ ಕೆಡಿಸ್ಕೊಂಡು ಬಂದೀನಿ. ವೇದಿಕಿ ಮ್ಯಾಲ ನಾಲ್ಕು ಮಂದಿ, ನಾಲ್ಕು ಶಾಲು, ನಾಲ್ಕು ಹಾರ. ಎಲ್ಲಾರದೂ ಒಂದ ಮಾತು: "ಎಲ್ಲಾ ಧರ್ಮದ ಸಾರ ಒಂದೇ." ಆದ್ರ ಒಬ್ಬರಾದ್ರೂ ಇನ್ನೊಬ್ಬರ ಗ್ರಂಥದ್ದು ಒಂದು ಸಾಲು ಹೇಳಿದ್ರೇನು? ಇಲ್ಲ. ತಮ್ಮದಷ್ಟ ಹೇಳಿದ್ರು, ಬಾಜೂದವ್ರು ಮಾತಾಡೂ ಮುಂದ ಮೊಬೈಲ್ ತಿಕ್ಕೋತ ಕುಂತ್ರು. ಓದದ ಪುಸ್ತಕದ ಸಾರ ಇವರಿಗೆ ಹೆಂಗ ಗೊತ್ತಾತು?

"ಈ ಕಾಲದಾಗ ಒಂದ ವೇದಿಕಿ ಮ್ಯಾಲ ಕುಂತಾರಲ್ಲ, ಅದ ದೊಡ್ಡದು" ಅಂದ ನನ್ನ ಗೆಳೆಯ. ಕುರ್ಚಿ ಒಂದ ಸಾಲಿನ್ಯಾಗ ಹಾಕಿದ್ದು ಪೆಂಡಾಲಿನವ. ಹಂಗಂದ್ರ ಹಾರ ಅವಗ ಹಾಕಬೇಕಿತ್ತು.

ಇದ ಊರಾಗ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಆಳಿದ, 1580ರಿಂದ 1627ರ ತನಕ. ತಾನ ಬರದ ಹಾಡಿನ ಪುಸ್ತಕ ‘ಕಿತಾಬ್-ಎ-ನವರಸ’ದಾಗ ಸರಸ್ವತಿ ಮ್ಯಾಲೂ ಪದ ಕಟ್ಯಾನ, ಕಲಬುರಗಿ ಸೂಫಿ ಸಂತ ಬಂದೇನವಾಜರ ಮ್ಯಾಲೂ ಕಟ್ಯಾನ. ‘ಜಗದ್ಗುರು ಬಾದಶಹಾ’ ಅಂತ ಸುಮ್ಮನ ಅನ್ನಿಸ್ಕೊಳ್ಳಲಿಲ್ಲ ಅಂವ.

ಹೋದ ವಾರ ನಮ್ಮ ಓಣಿ ಟೇಲರ್ ಚಾಚಾನ ಅಂಗಡ್ಯಾಗ ಕುಂತು ಯಾರದೋ ಚಾಡಿ ಹೇಳಾಕತ್ತಿದ್ದೆ. ಚಾಚಾ ಮಷೀನ್ ನಿಲ್ಲಿಸಿ, ದಾರ ಹಲ್ಲಿಲೆ ಕಡದು, "ತಮ್ಮಾ, ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಅಂತ ಬಸವಣ್ಣೋರು ಹೇಳ್ಯಾರಲ್ಲ. ನಮ್ಮ ಕುರಾನಿನ್ಯಾಗ ಬೆನ್ನ ಹಿಂದ ಆಡ್ಕೊಳ್ಳೂದಂದ್ರ ಸತ್ತ ತಮ್ಮನ ಮಾಂಸ ತಿಂದಂಗ ಅಂತೈತಿ. ಬಸವಣ್ಣೋರು ನಿಮಗ ಸ್ವಲ್ಪ ಸಲೀಸಾಗಿ ಹೇಳಿ ಬಿಟ್ಟಾರ ನೋಡು" ಅಂತ ನಕ್ಕರು. ನನ್ನ ಬಾಯಿ ಬಂದ್. ಮತ್ತ ನಾ ಹುಟ್ಟಿದ್ದು ಬಸವನ ಬಾಗೇವಾಡ್ಯಾಗ!

ಖರೇ ಹೇಳ್ತೀನಿ, ಆ ವೇದಿಕಿಯವರಿಗಿಂತ ನಾನೇನೂ ಹೆಚ್ಚಿನವ ಅಲ್ಲ. ಸಣ್ಣವಿದ್ದಾಗ ಮೊಹರಂದಾಗ ಕೈಗೆ ಲಾಡಿ ಅಂದ್ರ ಹರಕಿ ದಾರ ಕಟ್ಕೊಂಡು, ಡೋಲಿ ಮುಂದ ಕುಣದು, ಸಕ್ಕರಿ ಮ್ಯಾಲ ಪ್ರಾರ್ಥನಾ ಓದಿಸ್ಕೊಂಡು ಬಂದವ. ಮೊಹರಂದ ಸಿಹಿ ತಿಂಡಿ ಚೊಂಗೆ ಎಷ್ಟು ತಿಂದೀನೋ ಲೆಕ್ಕಿಲ್ಲ. ಆದ್ರ ಆ ದಿನ ಹಾದಿಗೆ ನಿಂತು ಶರಬತ್ತು ಯಾಕ ಹಂಚ್ತಾರ ಅಂತ ಒಮ್ಮೆನೂ ಕೇಳಲಿಲ್ಲ. ಕರ್ಬಲಾದ ಕಾಳಗದಾಗ ಪ್ರವಾದಿಗಳ ಮೊಮ್ಮಗ ಹುಸೇನರಿಗೆ, ಅವರ ಜೋಡಿ ಇದ್ದ ಕೂಸುಗಳಿಗೆ ಸೈತ ನದಿ ನೀರು ಮುಟ್ಟಗೊಡಲಿಲ್ಲ ಅನ್ನೂದು ತಿಳದಿದ್ದು ನಲವತ್ತು ದಾಟಿದ ಮ್ಯಾಲ, ಅದೂ ಇದ ಚಾಚಾನಿಂದ. ಅಲ್ಲೀತನಕ ಆ ಶರಬತ್ತಿಗೆ ಸಕ್ಕರಿ ಕಡಿಮಿ ಆಗೇತಿ ಅಂತ ತಕರಾರು ಬ್ಯಾರೆ ಮಾಡೀನಿ.

ನಿನ್ನೆ ಕಾರ್ಯಕ್ರಮ ಮುಗದ ಮ್ಯಾಲ ಸಂಘಟಕರಿಗೆ ಹೇಳಿದೆ: "ಮುಂದಿನ ಸಲ ಸ್ವಾಮಿಗಳು ಕುರಾನಿನ ಬಗ್ಗೆ, ಮೌಲಾನಾ ವಚನದ ಬಗ್ಗೆ ಮಾತಾಡಲ್ರಿ. ಐದೈದು ನಿಮಿಷ ಸಾಕು."

"ನೋಡೂಣ್ರಿ" ಅಂದವರ, ಉಳದ ಶಾಲು ಎಣಿಸಾಕ ಹೋದ್ರು.