ಸ್ಟಿಕ್ಕರ್ ಮೇಲೆ 60, ಒಳಗೆ 20

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆದೇ ಬಿಡುತ್ತೇನೆ.

ಗೆಳೆಯ ಫೋನ್ ಮಾಡಿದ್ದ. ಮೂರು ವಾರದಿಂದ ನಿಂತಿದ್ದ ಅವನ ಸ್ಪೋರ್ಟ್ಸ್ ಕಾರು ಬಾಗಿಲೇ ತೆಗೆಯುತ್ತಿಲ್ಲ. ರಿಮೋಟ್ ಒತ್ತಿದರೆ ಮಿಸುಕಾಟವಿಲ್ಲ. ಹಿಂದೆ ಎಂಜಿನ್ ಇರುವ ಕಾರು ಅದು. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿಯ ಲಾಕ್ ತೆರೆಯುವುದೂ ಕರೆಂಟಿನಿಂದಲೇ. ಬ್ಯಾಟರಿ ಸತ್ತರೆ ಬ್ಯಾಟರಿಯ ಹತ್ತಿರ ಹೋಗುವ ದಾರಿಯೂ ಮುಚ್ಚಿತು ಅಂತ ಅರ್ಥ. ಕೀಲಿ ಹಾಕಿ ಬಾಗಿಲು ತೆಗೆದೆವು. ಫ್ಯೂಸ್ ಬಾಕ್ಸಿನ ಪಕ್ಕದ ತುರ್ತು ಟರ್ಮಿನಲ್‌ಗೆ ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟೆವು. ಡಿಕ್ಕಿ ತೆರೆಯುವಷ್ಟರಲ್ಲಿ ಒಂದೂವರೆ ಗಂಟೆ ಹೋಗಿತ್ತು.

ಒಳಗೆ ಹೊಸ ಲಿಥಿಯಂ ಬ್ಯಾಟರಿ. ಹಳೇ ಸೀಸದ ಬ್ಯಾಟರಿಯ ಜಾಗಕ್ಕೆ ಹಾಕಿಸಿ ಎರಡು ತಿಂಗಳೂ ಆಗಿಲ್ಲ. ಸ್ಟಿಕ್ಕರ್ ಮೇಲೆ ದಪ್ಪಗೆ 60 ಆಂಪಿಯರ್ ಅವರ್ (ಎಷ್ಟು ಕರೆಂಟ್ ಎಷ್ಟು ಗಂಟೆ ಸಿಗುತ್ತದೆ ಅನ್ನುವ ಲೆಕ್ಕ) ಅಂತ ಇದೆ. ಅದರ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಸೀಸಕ್ಕೆ ಸಮ' ಅನ್ನುವ ಅರ್ಥದ ಎರಡು ಪದ.

"ಹಳೇದೂ ಅರವತ್ತೇ ಇತ್ತಲ್ಲೋ, ಇದೂ ಅರವತ್ತೇ" ಅಂದ ಅವನು. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆ ಸ್ಟಿಕ್ಕರ್ ಮೇಲೆ.

ಡಬ್ಬಿಯನ್ನು ತಿರುಗಿಸಿ ನೋಡಿದೆ. ತಳದ ಹತ್ತಿರ 256 ವ್ಯಾಟ್ ಅವರ್ (ಒಳಗೆ ಹಿಡಿಯುವ ಒಟ್ಟು ಶಕ್ತಿ) ಅಂತ ಸಣ್ಣದಾಗಿ ಅಚ್ಚಾಗಿತ್ತು. ಇದು ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯ ಬ್ಯಾಟರಿ. ಒಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿದರೆ 12.8. ವ್ಯಾಟ್ ಅವರನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಅವರ್ ಸಿಗುತ್ತದೆ. 256ನ್ನು 12.8ರಿಂದ ಭಾಗಿಸಿ. ಬರುವುದು 20. ಅರವತ್ತಲ್ಲ, ಇಪ್ಪತ್ತು!

ನಾನು ಹಗುರ ಬ್ಯಾಟರಿಯ ವಿರೋಧಿ ಅಲ್ಲ. ನನ್ನನ್ನು ಬಲ್ಲವರಿಗೆ ಇದು ಗೊತ್ತು. ಸೀಸದ ಬ್ಯಾಟರಿ 18 ಕೆಜಿ ಇದ್ದ ಜಾಗದಲ್ಲಿ 6 ಕೆಜಿಯದ್ದು ಕೂತರೆ ನನಗೂ ಖುಷಿಯೇ. ಪೆಟ್ರೋಲ್ ಸ್ವಲ್ಪ ಕಡಿಮೆ ಹಾಕಿಕೊಂಡರೆ ಅಷ್ಟೇ ತೂಕ ಇಳಿಯುತ್ತದಲ್ಲ ಅಂತ ಕೆಲವರು ಹೇಳುತ್ತಾರೆ. ಪೆಟ್ರೋಲ್ ಮತ್ತೆ ತುಂಬಲೇಬೇಕು. ಬ್ಯಾಟರಿಯಲ್ಲಿ ಇಳಿದ ತೂಕ ಇಳಿದೇ ಇರುತ್ತದೆ. ಅದೂ ಕಾರಿನ ತುದಿಯಲ್ಲಿ ಇಳಿದ ತೂಕ, ತಿರುವಿನಲ್ಲಿ ಅದಕ್ಕೆ ಬೆಲೆ ಜಾಸ್ತಿ. ಹಾಗಾಗಿ ಹಾಕಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಇಪ್ಪತ್ತನ್ನು ಇಪ್ಪತ್ತು ಅಂತಲೇ ಹೇಳಿ ಮಾರಿ.

ಮಾರುವವರ ವಾದ ನನಗೆ ಗೊತ್ತು. ಸೀಸದ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಮಾತ್ರ ಧೈರ್ಯವಾಗಿ ಬಳಸಬಹುದು, ಲಿಥಿಯಂನಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ, ಆದ್ದರಿಂದ ಇಪ್ಪತ್ತಕ್ಕೆ ಮೂರು ಪಟ್ಟು ಅಂತ. ಸೆಲ್ಫ್ ಹೊಡೆಯುವ ವಿಷಯದಲ್ಲಿ ಒಪ್ಪುತ್ತೇನೆ. ಆ ಒಂದೆರಡು ಸೆಕೆಂಡು ಬೇಕಾದ ಜೋರು ಈ ಪುಟ್ಟ ಡಬ್ಬಿಯಲ್ಲಿ ನಿಜಕ್ಕೂ ಇದೆ. ಆದರೆ ಸ್ಪೋರ್ಟ್ಸ್ ಕಾರು ತನ್ನ ಆಯುಷ್ಯದ ಬಹುಪಾಲು ಸುಮ್ನೆ ನಿಂತಿರುತ್ತದೆ, ಅಲ್ವಾ? ನಿಂತಾಗಲೂ ಅಲಾರ್ಮ್, ಲಾಕ್, ಕಂಪ್ಯೂಟರ್ ಸೇರಿ 40 ಮಿಲಿಆಂಪಿಯರ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. 20 ಆಂಪಿಯರ್ ಅವರ್ 500 ಗಂಟೆಗೆ ಮುಗಿಯಿತು. ಅಂದರೆ 21 ದಿನ. ಗೆಳೆಯನ ಕಾರು ನಿಂತದ್ದು ಎಷ್ಟು ದಿನ? ಮೂರು ವಾರ. ಸಾಲದ್ದಕ್ಕೆ ಟ್ರ್ಯಾಕರ್ ಇದ್ದರೆ ಇನ್ನೂ ಬೇಗ.

ಸೀಸದ ಬ್ಯಾಟರಿ ಸಾಯುವಾಗ ಹೇಳಿ ಸಾಯುತ್ತದೆ. ಸೆಲ್ಫ್ ಎಳೆದೆಳೆದು ತಿರುಗುತ್ತದೆ, ಲೈಟು ಮಂಕಾಗುತ್ತದೆ. ಮೀಟರ್ ಇಟ್ಟರೆ ತುಂಬಿದಾಗ 12.6 ವೋಲ್ಟ್, ಅರ್ಧಕ್ಕೆ ಇಳಿದಾಗ ಸುಮಾರು 12.2. ಎಂಜಿನ್ ತಿರುಗಿಸಲು ಆಗದ ಸ್ಥಿತಿಯಲ್ಲೂ ಬಾಗಿಲು ತೆರೆಯುವಷ್ಟು ಕರೆಂಟ್ ಉಳಿದಿರುತ್ತದೆ. ಲಿಥಿಯಂ ಹಾಗಲ್ಲ. ಬಹುತೇಕ ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಆಮೇಲೆ ಸೆಲ್‌ಗಳು ಹಾಳಾಗದಿರಲಿ ಅಂತ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ನೀರಿನ ನಲ್ಲಿ ತಿರುಗಿಸಿದ ಹಾಗೆ ಎಲ್ಲವನ್ನೂ ನಿಲ್ಲಿಸುತ್ತದೆ. ಸೊನ್ನೆ. ಇಲ್ಲಿ 'ಸೀಸಕ್ಕೆ ಸಮ' ಯಾವುದು?

ಪೋರ್ಷೆ ಕಂಪನಿ ಇದೇ ಕೆಲಸವನ್ನು ಹೇಗೆ ಮಾಡಿತ್ತು ನೋಡಿ. 2009ರ ಕೊನೆಗೆ 911 ಜಿಟಿ3, ಜಿಟಿ3 ಆರ್‌ಎಸ್ ಮತ್ತು ಬಾಕ್ಸ್‌ಸ್ಟರ್ ಸ್ಪೈಡರ್‌ಗೆ ಲಿಥಿಯಂ ಬ್ಯಾಟರಿ ಕೊಡುವುದಾಗಿ ಹೇಳಿತು. 6 ಕೆಜಿಗಿಂತ ಕಡಿಮೆ, ಮಾಮೂಲಿ 60 ಆಂಪಿಯರ್ ಅವರ್ ಬ್ಯಾಟರಿಗಿಂತ 10 ಕೆಜಿ ಹಗುರ. ಅದಕ್ಕೆ ಸಮ ಅಂತ ಅವರೂ ಹೇಳಿಕೊಂಡರು. ಆದರೆ ಜೊತೆಯಲ್ಲೇ 18 ಆಂಪಿಯರ್ ಅವರ್ ಅಂತ ನಿಜ ಸಂಖ್ಯೆಯನ್ನೂ ಹೇಳಿದರು. ಸೊನ್ನೆ ಡಿಗ್ರಿಗಿಂತ ಕೆಳಗೆ ಸ್ಟಾರ್ಟ್ ಮಾಡುವುದು ಕಷ್ಟ ಅಂತಲೂ ಹೇಳಿ, ಕಾರಿನ ಜೊತೆ ಮಾಮೂಲಿ ಬ್ಯಾಟರಿಯನ್ನೂ ಕೊಟ್ಟರು. ನಾನು ಕೇಳುತ್ತಿರುವುದು ಇಷ್ಟೇ.

'ಇಂಥ ಕಾರು ಇಟ್ಟುಕೊಂಡವರು ತಿಳಿದುಕೊಂಡಿರಬೇಕು' ಅಂತಲೂ ಅನ್ನುತ್ತಾರೆ. ಏಕೆ? ಗೆಳೆಯ ಸಂಖ್ಯೆ ಓದಿದ್ದಾನೆ, ನಂಬಿದ್ದಾನೆ. ಅದು ತಪ್ಪಾ?

ಒಂದು ಮಾತು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ನಾನೇ ಒಂದು ಲಿಥಿಯಂ ಬ್ಯಾಟರಿಯನ್ನು ಹಾಳು ಮಾಡಿದೆ. ಇದೇ ರೀತಿ ಸೊನ್ನೆಗೆ ಬಂದು ನಿಂತಿತ್ತು. ನಾನು ಸೀಸದ ಬ್ಯಾಟರಿಯ ಹಳೇ ಚಾರ್ಜರ್ ಸಿಕ್ಕಿಸಿ ಮಲಗಿದೆ. ಸತ್ತ ಸೀಸವನ್ನು ಎಬ್ಬಿಸಲು ಆ ಚಾರ್ಜರ್ ಹೆಚ್ಚು ವೋಲ್ಟೇಜಿನ ಹೊಡೆತ ಕೊಡುತ್ತದೆ. ಲಿಥಿಯಂಗೆ ಅದು ವಿಷ. ಬೆಳಿಗ್ಗೆ ನೋಡಿದರೆ ಮುಗಿದಿತ್ತು. ಯಾರಿಗೂ ಹೇಳಿರಲಿಲ್ಲ. ಇವತ್ತು ಗೆಳೆಯ ಅಂಥದ್ದೇ ಚಾರ್ಜರ್ ಕೈಯಲ್ಲಿ ಹಿಡಿದು ಬಂದಾಗ ಓಡಿ ಹೋಗಿ ಕಸಿದುಕೊಂಡೆ. ಹಾಕಿಕೊಟ್ಟವರು ಇದೊಂದು ಮಾತನ್ನೂ ಅವನಿಗೆ ಹೇಳಿರಲಿಲ್ಲ.

ಅವನ ಬ್ಯಾಟರಿ ಉಳಿಯಿತು. ಈಗ ಲಿಥಿಯಂ ಚಾರ್ಜರ್‌ನಲ್ಲಿದೆ. ಇನ್ನು ಮೇಲೆ ಕಾರು ವಾರಕ್ಕಿಂತ ಜಾಸ್ತಿ ನಿಂತರೆ ಅದನ್ನು ಸಿಕ್ಕಿಸಿಯೇ ಇಡುತ್ತಾನಂತೆ. ಹೊರಡುವ ಮುಂಚೆ ಮಾರ್ಕರ್ ತೆಗೆದುಕೊಂಡು ಸ್ಟಿಕ್ಕರ್ ಮೇಲಿನ 60ಕ್ಕೆ ಗೀಟು ಹಾಕಿ, ಪಕ್ಕದಲ್ಲಿ ದೊಡ್ಡದಾಗಿ 20 ಅಂತ ಬರೆದು ಬಂದೆ.

ನಿಮ್ಮಲ್ಲಿ ಯಾರಾದರೂ ಹಾಕಿಸಿದ್ದರೆ ಡಬ್ಬಿ ತಿರುಗಿಸಿ ವ್ಯಾಟ್ ಅವರ್ ಎಷ್ಟಿದೆ ನೋಡಿ. 12.8ರಿಂದ ಭಾಗಿಸಿ ಬಂದದ್ದನ್ನು ಕೆಳಗೆ ಬರೆಯಿರಿ. ಸ್ಟಿಕ್ಕರ್ ಮೇಲೆ ಎಷ್ಟಿತ್ತು ಅನ್ನುವುದನ್ನೂ.