ವ್ಯಯ ನಮ್ಮದು, ಅವ್ಯಯ ಅವರದು

ಲಿಂಗ, ವಚನ, ವಿಭಕ್ತಿಗಳ ಹಂಗಿಲ್ಲದೆ ಎಲ್ಲೆಡೆ ಒಂದೇ ರೂಪದಲ್ಲಿ ನಿಲ್ಲುವ ಪದವೇ ಅವ್ಯಯವೆಂದು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಆ ಹಂಗಿಲ್ಲದಿರುವಿಕೆಯ ಪೂರ್ಣಾರ್ಥ ಹೊಳೆದದ್ದು ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ ಮೇಲೆಯೇ. ಗೇಟಿಗೆ ಸಿಕ್ಕಿಸಿ ಹೋಗಿದ್ದ ಕರಪತ್ರದಲ್ಲಿ ‘100 ಎಂಬಿಪಿಎಸ್’ (ಸೆಕೆಂಡಿಗೆ ನೂರು ಮೆಗಾಬಿಟ್ ವೇಗ) ಎಂಬುದು ಹಲಸಿನ ಹಣ್ಣಿನ ಗಾತ್ರದಲ್ಲಿಯೂ, ಅದರ ಬಾಲದಲ್ಲಿ ‘ವರೆಗೆ’ ಎಂಬುದು ಸಾಸಿವೆ ಕಾಳಿನ ಗಾತ್ರದಲ್ಲಿಯೂ ಅಚ್ಚಾಗಿದ್ದವು. ಸೊನ್ನೆಯಿಂದ ನೂರರವರೆಗೆ ಎಂದಾಗ ಸೊನ್ನೆಯೂ ಲೆಕ್ಕಕ್ಕೆ ಸೇರಿದ್ದೇ ಆದ್ದರಿಂದ, ಕಂಪನಿಯವರು ಮಾತಿಗೆ ತಪ್ಪುವ ಪ್ರಮೇಯವೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ಈ ಅವ್ಯಯಕ್ಕೆ ಪ್ರವೇಶವಿಲ್ಲ: 499 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ಆ ಎರಡು ಪೈಸೆಯೂ ದಾರಿಯಲ್ಲಿ ಎಲ್ಲಿಯೂ ಉದುರುವುದಿಲ್ಲ.

ಸರ್ಕಾರವಾದರೂ ನಮ್ಮ ಕಡೆಗಿದೆಯೇ ಎಂದು ನೋಡಿದರೆ, ಅದರ ಉದಾರತೆ ಬೇರೆಯೇ ಬಗೆಯದು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಹರಿದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದನ್ನು 512ಕ್ಕೆ ಏರಿಸಲಾಯಿತು. ಮುಂದಿನ ಮೆಟ್ಟಿಲು ಹತ್ತಲು ಸುಮಾರು ಒಂದು ದಶಕ ದಣಿವಾರಿಸಿಕೊಂಡು, 2023ರ ಜನವರಿಯಲ್ಲಿ 2 ಮೆಗಾಬಿಟ್, ಅಂದರೆ ಎರಡು ಸಾವಿರ ಕಿಲೋಬಿಟ್, ಎಂದು ಅಧಿಸೂಚನೆ ಹೊರಬಿತ್ತು. ಅಂದರೆ ಮಾರಿದ ನೂರರಲ್ಲಿ ತೊಂಬತ್ತೆಂಟು ಬೀದಿಯಲ್ಲೇ ಸೋರಿಹೋದರೂ, ಮನೆಯೊಳಗೆ ಕಾಲಿಟ್ಟ ಎರಡಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಬಿರುದು ಕಾನೂನುಬದ್ಧವಾಗಿಯೇ ಸಲ್ಲುತ್ತದೆ.

ಅಳತೆಗೋಲಿನ ಚಮತ್ಕಾರ ಇನ್ನೂ ಒಂದು ಕೈ ಮೇಲು. ಕಂಪನಿಯವರು ಮಾರುವುದು ಬಿಟ್‌ಗಳಲ್ಲಿ, ನಮ್ಮ ಕಂಪ್ಯೂಟರು ಎಣಿಸುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ನೂರೆಂದು ನಂಬಿ ಕೊಂಡದ್ದು ಬಟವಾಡೆಯ ಹೊತ್ತಿಗೆ ಹನ್ನೆರಡೂವರೆ ಆಗಿರುತ್ತದೆ, ಅದೂ ಎಲ್ಲವೂ ನೆಟ್ಟಗಿದ್ದರೆ. ಹೆಣ್ಣು ನೋಡಲು ಬಂದ ವರನೊಬ್ಬ ತಿಂಗಳಿಗೆ ಇಪ್ಪತ್ತು ಲಕ್ಷ ಸಂಬಳವೆಂದು ಹೇಳಿ, ತಾಳಿ ಕಟ್ಟಿದ ಮೇಲೆ ಅದು ಪೈಸೆಯ ಲೆಕ್ಕವೆಂದು ತಿಳಿಸಿದರೆ ಬೀಗರು ಸುಮ್ಮನಿರುತ್ತಾರೆಯೇ? ನಾವು ಸುಮ್ಮನಿದ್ದೇವೆ.

ಟೆಲಿಫೋನಿನ ತಾಮ್ರದ ತಂತಿಯ ಕಾಲದಲ್ಲಿ ಮನೆಯು ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ವೇಗ ಕುಗ್ಗುತ್ತಿತ್ತು. ದೂಷಿಸಲು ದೂರವೆಂಬುದೊಂದು ಕಾರಣವಾದರೂ ಇತ್ತು. ಈಗ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನೊಳಗೆ ಬೆಳಕೇ ಓಡಿ ಬರುತ್ತಿದೆ. ಆದರೆ ಆ ಬೆಳಕನ್ನು ಹಂಚುವ ಪಂಕ್ತಿಯನ್ನೊಮ್ಮೆ ನೋಡಬೇಕು. ಜಿಪಾನ್ ಎಂಬ ಬಹುಬಳಕೆಯ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಸುಮಾರು 2,500 ಎಂಬಿಪಿಎಸ್ ಹರಿಯುತ್ತದೆ. ಅದನ್ನು ಬೀದಿಯ ಡಬ್ಬಿಗಳಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಕೊಡುತ್ತಾರೆ. ಮನೆಗೆ ನೂರರಂತೆ ಲೆಕ್ಕ ಹಾಕಿದರೆ, 25 ಜನಕ್ಕಾಗುವಷ್ಟು ಅಡುಗೆ ಮಾಡಿಸಿ 64 ಎಲೆ ಹಾಕಿದಂತಾಯಿತು. ಎಲ್ಲರೂ ಒಮ್ಮೆಗೇ ಊಟಕ್ಕೆ ಕೂರುವುದಿಲ್ಲವೆಂಬ ಅವರ ಎಣಿಕೆಯಲ್ಲಿ ಸತ್ಯವಿದೆಯೆಂದು ಒಪ್ಪುತ್ತೇನೆ; ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಮಾತ್ರ ಎಲ್ಲರಿಗೂ ಒಟ್ಟಿಗೇ ಹಸಿವಾಗುತ್ತದೆ.

ಅಂಥದೊಂದು ಓವರಿನಲ್ಲಿ ಚೆಂಡು ಬೌಲರನ ಕೈಯಲ್ಲೇ ಉಳಿದು, ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗಿದಾಗ ದೂರು ಕೊಟ್ಟೆ. ಮರುದಿನ ಹನ್ನೊಂದು ಗಂಟೆಗೆ, ಇಡೀ ಬೀದಿ ಕೆಲಸಕ್ಕೆ ಹೋಗಿದ್ದಾಗ, ಕಂಪನಿಯ ಹುಡುಗ ಬಂದ. “ಸಾರ್, ವೈಫೈ ನಂಬಬೇಡಿ, ವೈರ್ ಹಾಕಿ ನೋಡಿ” ಎನ್ನುತ್ತಾ ತನ್ನ ಲ್ಯಾಪ್‌ಟಾಪನ್ನು ನೇರವಾಗಿ ಗೋಡೆಯ ಪೆಟ್ಟಿಗೆಗೆ ಜೋಡಿಸಿ ವೇಗ ಪರೀಕ್ಷೆ ನಡೆಸಿದ. ಅಳೆಯುವ ಸರ್ವರು ಇದೇ ಊರಿನದು, ಇದೇ ಕಂಪನಿಯದು. ಹೋಟೆಲಿನವನೇ ತನ್ನ ಸಾಂಬಾರಿನ ರುಚಿ ನೋಡಿ ತಲೆದೂಗಿದಂತೆ ಮುಳ್ಳು 94ಕ್ಕೆ ಏರಿತು. ಅವನು ಚಿತ್ರ ತೆಗೆದುಕೊಂಡು ಚಪ್ಪಲಿ ಮೆಟ್ಟುವಷ್ಟರಲ್ಲಿ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಸಂದೇಶ ನನ್ನ ಫೋನಿಗೆ ತಲುಪಿತ್ತು. ಆ ಸಂದೇಶದ ವೇಗದ ಬಗ್ಗೆ ನನ್ನ ತಕರಾರಿಲ್ಲ. “ಹಾಗಾದರೆ ರಾತ್ರಿ ನಾವೆಲ್ಲ ಆ ವೈರಿಗೇ ಜೋತು ಬೀಳಬೇಕೇನಪ್ಪಾ?” ಎಂದು ನನ್ನ ಹೆಂಡತಿ ಕೇಳಿದ ಹೊತ್ತಿಗೆ ಅವನ ಬೈಕು ತಿರುವಿನಲ್ಲಿತ್ತು.

ತಪ್ಪೆಲ್ಲ ಅವರದೇ ಎಂದರೆ ಆತ್ಮಸಾಕ್ಷಿ ಒಪ್ಪದು. ನಮ್ಮ ರೂಟರು ಟಿ.ವಿ. ಸ್ಟ್ಯಾಂಡಿನೊಳಗೆ, ಕ್ರೋಶಾ ಹೊದಿಕೆಯ ಕೆಳಗೆ, ನೆತ್ತಿಯ ಮೇಲೆ ಹಿತ್ತಾಳೆಯ ಗಣಪನನ್ನು ಹೊತ್ತು ಕುಳಿತಿದೆ. ಅದರ 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ಕಸುವು ಕಡಿಮೆ, 2.4 ಗಿಗಾಹರ್ಟ್ಸ್ ಅಲೆ ನಿಧಾನಿಯಾದರೂ ಗೋಡೆ ದಾಟಿ, ಗಾಡ್ರೇಜ್ ಬೀರುವಿಗೆ ಡಿಕ್ಕಿ ಹೊಡೆದು, ಏದುಸಿರು ಬಿಡುತ್ತಾ ಮಲಗುವ ಕೋಣೆ ಸೇರುತ್ತದೆ. ಅಲ್ಲಿ ಅಳೆದರೆ ಹನ್ನೊಂದು. ಗಣಪನನ್ನು ಕದಲಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ಆ ಕರಪತ್ರವನ್ನು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದೆ. ಮಿತಿಯಿಲ್ಲದ್ದು ಎಂಬರ್ಥಕ್ಕೆ ‘ಅಪರಿಮಿತ’ ಎಂದು ಬರೆಯಬೇಕಾದಲ್ಲಿ, ಅನುವಾದಕ ಮಹಾಶಯರು ‘ಅನಿಯಮಿತ ಇಂಟರ್ನೆಟ್’ ಎಂದು ಬರೆದಿದ್ದಾರೆ. ಅನಿಯಮಿತವೆಂದರೆ ನಿಯಮವಿಲ್ಲದೆ, ಮನಬಂದಾಗ ಬಂದು ಹೋಗುವಂಥದು. ಇಡೀ ಕಾಗದದಲ್ಲಿ ‘ವರೆಗೆ’ಯ ಆಸರೆಯಿಲ್ಲದೆ ನಿಂತಿರುವ ಮಾತು ಅದೊಂದೇ.